ಬೋನ್ಸಾಯ್ ಎಲೆ ಉದುರುತ್ತಿದೆಯೇ? ಮೊದಲು ನೀರಿನ ದಾರಿ ನೋಡಿ

ಲಕ್ಷಣ ಮೊದಲು ಬರೆದುಕೊಳ್ಳೋಣ. ಚಪ್ಪಟೆ ಕುಂಡದಲ್ಲಿ ಕುಳ್ಳಾಗಿ ಬೆಳೆಸಿದ ಒಂದು ಆಲ, ಅಂದರೆ ಬೋನ್ಸಾಯ್. ಚಳಿಗಾಲ ಪೂರ್ತಿ ಚೆನ್ನಾಗಿಯೇ ಇತ್ತು. ಯುಗಾದಿ ಹತ್ತಿರ ಬಂದಂತೆ ಕೆಳಗಿನ ಎಲೆಗಳು ಹಳದಿಯಾದವು, ಆಮೇಲೆ ಹಸಿರು ಎಲೆಗಳೂ ಜೋತುಬಿದ್ದು ಉದುರತೊಡಗಿದವು. ಪಕ್ಕದಲ್ಲಿ ಜೇಡ್ ಎಂಬ ದಪ್ಪ ಎಲೆಯ ಗಿಡ, ಅದರ ಎಲೆ ಮೆತ್ತಗಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದೆ. ಮೂರನೆಯದು ಬೋಗನ್‌ವಿಲ್ಲಾ. ಅದರ ಹಳೆ ಎಲೆ ಹಸಿರಾಗೇ ಇವೆ, ತುದಿಯ ಹೊಸ ಚಿಗುರು ಮಾತ್ರ ಹಳದಿ. ಒಂದೇ ಮಾಳಿಗೆ, ಒಂದೇ ಬಿಸಿಲು, ಒಂದೇ ಕೊಳವೆಬಾವಿ ನೀರು. ಮೂರು ಗಿಡಕ್ಕೆ ಮೂರು ಥರದ ಕಾಯಿಲೆ.

ಇದು ಕಲಬುರಗಿಯಲ್ಲಿರುವ ನಮ್ಮ ಕಾಕಾನ ಮನೆಯ ಸಂಗತಿ. ಆ ಮನೆಯವರು ಬೋನ್ಸಾಯ್‌ಗೆ ಕೈ ಹಾಕಿದ್ದು ಇದೇ ಮೊದಲು. ಕಾರಣವೂ ಮನೆ ತುಂಬ ಇದ್ದವು. ಕಾಕಾನ ಪ್ರಕಾರ ಬಿಸಿಲು. ಕಾಕು ಪ್ರಕಾರ ದೃಷ್ಟಿ. ಕುಂಡಕ್ಕೊಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಯೂ ಆಗಿತ್ತು. ಕಾಲೇಜಿಗೆ ಹೋಗುವ ಮಗ ಗೊಬ್ಬರ ಸಾಲದು ಅಂತ ಯೂರಿಯಾ ತಂದಿಟ್ಟಿದ್ದ. ಗಿಡ ಮಾರಿದವರು ಫೋನಿನಲ್ಲೇ ಶಿಲೀಂಧ್ರನಾಶಕ ಹೊಡೆಯಲು ಹೇಳಿದ್ದರು. ಎಲೆ ನೋಡಿ ಔಷಧ ಹುಡುಕುವ ಈ ಅಭ್ಯಾಸವೇ ಬೋನ್ಸಾಯ್ ಕೊಲ್ಲುವುದರಲ್ಲಿ ಎಲ್ಲಕ್ಕಿಂತ ಮುಂದು. ಎಲೆಯಲ್ಲಿ ಕಾಣುವುದು ಕೊನೆಯ ಸುದ್ದಿ. ನಮ್ಮ ಕಡೆ, ಅಂದರೆ ಎರೆ ಮಣ್ಣು ಮತ್ತು ಸುಣ್ಣದ ನೀರಿನ ಸೀಮೆಯಲ್ಲಿ, ಮೊದಲ ಸುದ್ದಿ ಸಿಗುವುದು ಕುಂಡದೊಳಗೆ. ಹಾಕಿದ ನೀರು ಎಲ್ಲಿ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೋಗುವಾಗ ಏನು ಬಿಟ್ಟು ಹೋಗುತ್ತದೆ ಅನ್ನುವುದನ್ನು ಕಂಡುಕೊಂಡರೆ ಮುಕ್ಕಾಲು ಕೆಲಸ ಆದಂತೆ. ಕೆಳಗಿನ ಕ್ರಮ ಅದಕ್ಕಾಗಿ. ಅಲ್ಲಿಯವರೆಗೆ ಯೂರಿಯಾ ಚೀಲದ ಬಾಯಿ ಬಿಚ್ಚಬೇಡಿ.

ದೋಷವೇ ಅಲ್ಲದವು

ಕೆಲವಕ್ಕೆ ಚಿಕಿತ್ಸೆಯೇ ಬೇಡ. ಅರಳಿ ಗಿಡ ಫೆಬ್ರುವರಿ–ಮಾರ್ಚ್‌ನಲ್ಲಿ ಎಲೆ ಕಳಚಿಕೊಂಡು ತಾಮ್ರ ಬಣ್ಣದ ಚಿಗುರು ಬಿಡುತ್ತದೆ. ಬೀದಿಯ ದೊಡ್ಡ ಅರಳಿ ಮರ ಮಾಡುವುದನ್ನೇ ಕುಂಡದ ಅರಳಿಯೂ ಮಾಡುತ್ತದೆ. ಅನುಮಾನ ಬಂದರೆ ಹತ್ತಿರದ ಗುಡಿಯ ಕಟ್ಟೆ ನೋಡಿ ಬನ್ನಿ. ಅಲ್ಲಿಯೂ ಬೋಳಾಗಿದ್ದರೆ ನಿಮ್ಮ ಗಿಡಕ್ಕೆ ಏನೂ ಆಗಿಲ್ಲ. ಹುಣಸೆಯ ಎಲೆ ಸಂಜೆಗೆ ಮಡಚಿಕೊಳ್ಳುವುದು ಅದರ ಸ್ವಭಾವ. ರಾತ್ರಿ ಅದನ್ನು ನೋಡಿ ಬಾಡಿತು ಅಂತ ನೀರು ಸುರಿಯುವವರಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ನೋಡಿ, ಆಗಲೂ ಮಡಚಿಯೇ ಇದ್ದರೆ ಮಾತ್ರ ಯೋಚಿಸಿ.

ಆಲದ ಜಾತಿಯ ಗಿಡಗಳಿಗೆ ಜಾಗ ಬದಲಾದರೆ ಮುನಿಸು. ನರ್ಸರಿಯ ಹಸಿರು ಪರದೆಯ ಕೆಳಗಿದ್ದದ್ದನ್ನು ನೇರ ಬಿಸಿಲಿಗೆ ತಂದರೆ, ಇಲ್ಲವೇ ಮಾಳಿಗೆಯಿಂದ ಟಿವಿ ಪಕ್ಕಕ್ಕೆ ಒಯ್ದರೆ, ಒಂದೆರಡು ವಾರದಲ್ಲಿ ಅರ್ಧ ಎಲೆ ಉದುರಿಸಿಬಿಡುತ್ತವೆ. ಕೊಂಬೆ ಹಸಿರಾಗಿದ್ದು, ಮೊಗ್ಗಿನ ತುದಿ ಗಟ್ಟಿಯಾಗಿದ್ದರೆ ಅದನ್ನು ಒಂದೇ ಜಾಗದಲ್ಲಿ ಬಿಟ್ಟುಬಿಡಿ. ಮತ್ತೆ ಮತ್ತೆ ಜಾಗ ಬದಲಿಸುವುದೇ ಅದಕ್ಕೆ ಹಿಂಸೆ. ಇನ್ನು, ಜುನಿಪರ್ ಅನ್ನುವ ಗಿಡ ತಂದು ಅದು ಒಣಗುತ್ತಿದೆ ಎಂದರೆ ದೋಷ ನಿಮ್ಮ ಆರೈಕೆಯದಲ್ಲ. ಅದಕ್ಕೆ ನಿಜವಾದ ಚಳಿಗಾಲ ಬೇಕು, ಕಲಬುರಗಿ ಕೊಡುವುದಿಲ್ಲ.

ಜೀವ ಇದೆಯೋ ಇಲ್ಲವೋ

ಉಗುರಿನಿಂದ ಕೊಂಬೆಯ ತೊಗಟೆಯನ್ನು ಸ್ವಲ್ಪವೇ ಕೆರೆಯಿರಿ. ಕೆಳಗೆ ಹಸಿಹಸಿರು ಇದ್ದರೆ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಇದ್ದರೆ ಆ ಭಾಗ ಸತ್ತಿದೆ. ಆಲ, ಅರಳಿ, ಅತ್ತಿ, ಬಸರಿಗಳಲ್ಲಿ ಹಾಲು ಜಿನುಗಿದರೆ ಬೇರೆ ಸಾಕ್ಷಿ ಬೇಡ. ತುದಿಯಿಂದ ಶುರುಮಾಡಿ ಕಾಂಡದ ಕಡೆಗೆ ಇಳಿಯುತ್ತ ಬನ್ನಿ, ಎಲ್ಲಿ ಹಸಿರು ಸಿಕ್ಕಿತೋ ಅಲ್ಲಿಗೆ ದಾರ ಕಟ್ಟಿ ಗುರುತು ಮಾಡಿ. ಕತ್ತರಿ ಮಾತ್ರ ಈಗಲೇ ಬೇಡ. ವಾರ ಬಿಟ್ಟು ನೋಡಿದಾಗ ಹಸಿರಿನ ಗಡಿ ದಾರಕ್ಕಿಂತ ಕೆಳಗಿಳಿದಿದ್ದರೆ ಬೇರಿನಲ್ಲಿ ತೊಂದರೆ ಮುಂದುವರಿದಿದೆ ಎಂದರ್ಥ. ಅಲ್ಲೇ ನಿಂತಿದ್ದರೆ ಗಿಡ ತಡೆದುಕೊಂಡಿದೆ.

ಕಾಕಾನ ಆಲದಲ್ಲಿ ಬೆರಳು ಗಾತ್ರದ ಕೊಂಬೆಗಳವರೆಗೂ ಹಾಲು ಬಂತು. ಕಡ್ಡಿಗಳು ಮಾತ್ರ ಒಣಗಿದ್ದವು. ಕಾಕು ನಿಂಬೆಹಣ್ಣಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

ನೀರಿನ ದಾರಿ

ಪರೀಕ್ಷೆಗೆ ಮುಂಚೆ ಮನೆಯವರನ್ನೆಲ್ಲ ಒಟ್ಟಿಗೆ ಕೂಡಿಸಿ ಒಂದು ಪ್ರಶ್ನೆ ಕೇಳಿ: ನೀರು ಯಾರು ಹಾಕುತ್ತಾರೆ? ಒಬ್ಬೊಬ್ಬರನ್ನೇ ಕೇಳಿದರೆ ಉತ್ತರ ಸಿಗುವುದಿಲ್ಲ. ಇಲ್ಲಿ ಕಾಕಾ ಮುಂಜಾನೆ ವಾಕಿಂಗ್‌ಗೆ ಮುಂಚೆ ಹಾಕುತ್ತಿದ್ದರು, ಕಾಕು ಬಟ್ಟೆ ಒಣಹಾಕಲು ಹೋದಾಗ, ಮಗ ನೆನಪಾದಾಗ. ಮನೆಯ ಹಿರಿಯರಾದ ಆಯಿ ಸಂಜೆ ತುಳಸಿಗೆ ಹಾಕಿ ಚರಿಗೆಯಲ್ಲಿ ಉಳಿದದ್ದನ್ನು ಬಾಗಿಲ ಹತ್ತಿರದ ಜೇಡ್‌ಗೆ ಸುರಿಯುತ್ತಿದ್ದರು. "ದಿನಾ ನೀರ್ ಹಾಕ್ತೀವಿ, ಆದ್ರೂ ಒಣಗ್ಲಾಕತ್ತದಲ್ಲೋ ತಮ್ಮಾ" ಅಂತ ಕಾಕಾ ಅಂದದ್ದು ಸುಳ್ಳಲ್ಲ. ಆಲ ಒಣಗುತ್ತಿತ್ತು, ಜೇಡ್ ಕೊಳೆಯುತ್ತಿತ್ತು, ನೀರು ಎರಡಕ್ಕೂ ಬೀಳುತ್ತಿತ್ತು.

ಬೇರು ಕೊಳೆತ ಗಿಡವೂ ಬಾಯಾರಿದ ಗಿಡವೂ ಮೇಲೆ ನೋಡಲು ಒಂದೇ ಥರ ಬಾಡುತ್ತವೆ. ಕೊಳೆತ ಬೇರು ನೀರು ಎಳೆಯಲಾರದು. ಸುತ್ತ ನೀರಿದ್ದರೂ ಎಲೆಗೆ ಬರ. ಹಾಗಾಗಿ ಎಲೆ ನೋಡಿ ನೀರು ಹೆಚ್ಚೋ ಕಮ್ಮಿಯೋ ಹೇಳಲು ಹೋಗಬೇಡಿ. ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಯನ್ನು ಕುಂಡದ ಅಂಚಿಗೊಂದು, ಕಾಂಡದ ಬುಡಕ್ಕೊಂದು ತಳ ಮುಟ್ಟುವಂತೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎರಡೂ ಕಡ್ಡಿ ಬೇರೆ ಬೇರೆ ಮಾತು ಹೇಳಬಹುದು. ಆಲದ ಕುಂಡದಲ್ಲಿ ಹಾಗೇ ಆಯಿತು: ಅಂಚಿನ ಕಡ್ಡಿ ತೇವವಾಗಿ ಬಂತು, ಬುಡದ ಕಡ್ಡಿ ಒಣಗಿದ್ದು, ಅದೂ ಅರ್ಧಕ್ಕೆ ನಿಂತುಬಿಟ್ಟಿತು. ಒಳಗೆ ಏನೋ ಗಟ್ಟಿ ಇದೆ.

ಮುಂದಿನದು ಸುರಿದು ನೋಡುವುದು. ಕುಂಡವನ್ನು ಎತ್ತಿ ಭಾರ ಅಂದಾಜು ಮಾಡಿಕೊಳ್ಳಿ, ಎರಡು ಇಟ್ಟಿಗೆಗಳ ಮೇಲಿಟ್ಟು ಕೆಳಗೊಂದು ತಾಟು ಇಡಿ, ಒಂದು ಚರಿಗೆ ನೀರನ್ನು ನಿಧಾನ ಸುರಿಯಿರಿ, ಮತ್ತೆ ಎತ್ತಿ ನೋಡಿ.

ನೀರು ಮೇಲೆ ಕೆರೆಯಂತೆ ನಿಂತು, ಕೆಳಗೆ ಹನಿ ಬರಲು ನಿಮಿಷಗಳೇ ಹಿಡಿದರೆ ಮಣ್ಣು ಮುಚ್ಚಿಕೊಂಡಿದೆ. ಜೇಡ್‌ನದು ಇದು. ಏನೂ ಬರದೇ ಹೋದರೆ ಮೊದಲು ತೂತು ಇದೆಯೇ ನೋಡಿ. ಪಿಂಗಾಣಿಯ ಚೆಂದದ ಬಟ್ಟಲಲ್ಲಿ ನೆಟ್ಟು, ಮೇಲೆ ಬಿಳಿ ಕಲ್ಲು ಅಂಟಿಸಿ ಮಾರುವ ಗಿಡಗಳಲ್ಲಿ ತೂತೇ ಇರುವುದಿಲ್ಲ, ಇದ್ದರೂ ಬೇರು ತುಂಬಿರುತ್ತದೆ. ಇನ್ನೊಂದು ಮೋಸದ ಉತ್ತರ ಇದೆ: ಸುರಿದ ಕೂಡಲೇ ನೀರು ದಡದಡ ಕೆಳಗೆ ಬಂದುಬಿಡುತ್ತದೆ. ನೀರು ಚೆನ್ನಾಗಿ ಬಸಿಯುತ್ತಿದೆ ಅಂತ ಎಲ್ಲರೂ ಖುಷಿಪಡುವುದು ಇಲ್ಲೇ. ಆದರೆ ಕುಂಡ ಎತ್ತಿದರೆ ಭಾರವೇ ಆಗಿರುವುದಿಲ್ಲ. ನೀರು ಬೇರನ್ನು ಮುಟ್ಟದೆ ಪಕ್ಕದಿಂದ ಜಾರಿಹೋಗಿದೆ.

ಇದು ಎರೆ ಮಣ್ಣಿನ ಕೈಚಳಕ. ಬೇಸಿಗೆಯಲ್ಲಿ ನಮ್ಮ ಹೊಲ ನೋಡಿದವರಿಗೆ ವಿವರಿಸಬೇಕಿಲ್ಲ. ಬಿರುಕಿನಲ್ಲಿ ಕೈ ಇಳಿಯುತ್ತದೆ. ಈ ಮಣ್ಣಿನ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹೊಲದಲ್ಲಿ ತೊಗರಿಯ ಬೇರು ಆಳಕ್ಕೆ ಹೋಗಿ ಕೆಳಗಿನ ತೇವ ಹುಡುಕಿಕೊಳ್ಳುತ್ತದೆ, ಆ ಮಣ್ಣು ಹಿಡಿದಿಟ್ಟ ತೇವದಿಂದಲೇ ಮಳೆ ಹೋದ ಮೇಲೂ ಬೆಳೆ ಬರುತ್ತದೆ. ಅದೇ ಮಣ್ಣನ್ನು ಎರಡು ಇಂಚಿನ ಕುಂಡಕ್ಕೆ ತುಂಬಿದರೆ ಅದರ ಗುಣವೇ ದೋಷವಾಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಗಾಳಿಯ ಸಂದೆಲ್ಲ ಮುಚ್ಚುತ್ತದೆ, ಬೇರಿಗೆ ಉಸಿರಿಲ್ಲ. ಬೇಸಿಗೆಯಲ್ಲಿ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿಯೇ ನೀರಿಗೆ ಹೆದ್ದಾರಿ. ಉಂಡೆಯ ನಡುವಿರುವ ಬೇರಿಗೆ ದಿನಾ ನೀರು ಹಾಕಿದರೂ ಒಂದು ಹನಿ ತಲುಪುವುದಿಲ್ಲ.

ಕುಂಡ ಪೂರ್ತಿ ಎರೆ ಮಣ್ಣೇ ಇರಬೇಕೆಂದಿಲ್ಲ. ಹೊರಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಸಡಿಲ ಮಣ್ಣು, ಒಳಗೆ ನರ್ಸರಿಯ ಕವರಿನಲ್ಲಿದ್ದಾಗಿನ ಜೇಡಿ ಉಂಡೆ ಹಾಗೇ ಉಳಿದಿದ್ದರೂ ಇದೇ ಗತಿ. ಹೊಸ ಕುಂಡಕ್ಕೆ ಇಳಿಸುವಾಗ "ಬೇರು ಅಲುಗಬಾರದು" ಅಂತ ಉಂಡೆ ಒಡೆಯದೇ ಇಡುತ್ತಾರೆ. ನೆಲಕ್ಕೆ ಇಳಿಸುವಾಗ ಅದು ಸರಿಯಾದ ಬುದ್ಧಿ, ಬೋನ್ಸಾಯ್‌ಗೆ ಅಲ್ಲ. ಕಾಕಾನ ಆಲದಲ್ಲಿ ಕಡ್ಡಿ ಅರ್ಧಕ್ಕೆ ನಿಂತದ್ದು ಆ ಉಂಡೆಗೆ ತಾಗಿ. ಮಣ್ಣು ಯಾವುದೆಂದು ಖಾತ್ರಿಯಿಲ್ಲದಿದ್ದರೆ ಚಿಟಿಕೆ ತೆಗೆದು ನೀರು ಮುಟ್ಟಿಸಿ ಬೆರಳುಗಳ ನಡುವೆ ಬತ್ತಿ ಹೊಸೆಯಿರಿ. ಬತ್ತಿ ಮುರಿಯದೆ ಉದ್ದಕ್ಕೆ ಬಂದರೆ ಜೇಡಿ ಹೆಚ್ಚು, ಚಪ್ಪಟೆ ಕುಂಡಕ್ಕೆ ನಡೆಯದು.

ತಳಕ್ಕೆ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಅನ್ನುವುದು ಎಲ್ಲ ಊರಲ್ಲೂ ಇರುವ ನಂಬಿಕೆ. ಆಗುವುದು ಅದಕ್ಕೆ ವಿರುದ್ಧ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಮಣ್ಣಿನ ತಳದಲ್ಲೇ ಒಂದು ನೀರಿನ ಪದರ ತಡೆದು ನಿಲ್ಲುತ್ತದೆ. ಆ ಪದರದ ಎತ್ತರ ಮಣ್ಣಿನ ಕಣ ಎಷ್ಟು ಸಣ್ಣದು ಅನ್ನುವುದರ ಮೇಲೆ ನಿಂತಿದೆ, ಕುಂಡ ಎಷ್ಟು ಆಳ ಅನ್ನುವುದರ ಮೇಲೆ ಅಲ್ಲ. ಆಳದ ಕುಂಡದಲ್ಲಿ ಪದರ ಕೆಳಗೆಲ್ಲೋ ಇರುತ್ತದೆ, ಬೇರಿಗೆ ಮೇಲೆ ಜಾಗ ಉಂಟು. ಬೋನ್ಸಾಯ್ ತಟ್ಟೆಯಲ್ಲಿ ಅದೇ ಪದರ ಅರ್ಧಕ್ಕಿಂತ ಮೇಲೆ ಬರುತ್ತದೆ. ನಂಬಿಕೆ ಬರದಿದ್ದರೆ ಪಾತ್ರೆ ತಿಕ್ಕುವ ಸ್ಪಂಜನ್ನು ನೀರಲ್ಲಿ ಅದ್ದಿ ಅಡ್ಡ ಹಿಡಿಯಿರಿ. ಸೋರುವುದು ನಿಂತ ಮೇಲೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ಸೋರುತ್ತದೆ. ಅಡ್ಡ ಸ್ಪಂಜಿನಲ್ಲಿ ತಡೆದಿದ್ದ ಆ ನೀರಿನಲ್ಲೇ ನಮ್ಮ ಬೇರುಗಳು ಕೂತಿರುವುದು. ಕಣ ದಪ್ಪ ಮಾಡದೆ ಬೇರೆ ಉಪಾಯವಿಲ್ಲ.

ಉಂಡೆ ಒಣಗಿರುವುದು ಖಾತ್ರಿಯಾದರೆ ತುರ್ತಿಗೆ ಕುಂಡವನ್ನೇ ಬಕೆಟ್ಟಿನ ನೀರಿನಲ್ಲಿ ಅಂಚು ಮುಳುಗುವ ಮಟ್ಟಕ್ಕೆ ಇಳಿಸಿ. ಗುಳ್ಳೆ ಬರುವುದು ನಿಲ್ಲುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಹಾಗೇ ಇರಲಿ. ಆಮೇಲೆ ಎತ್ತಿ ಓರೆಯಾಗಿ ಹಿಡಿದು ಬಸಿಯಿರಿ. ಮಳೆ ಬರುವವರೆಗೆ ಎರಡು ಮೂರು ದಿನಕ್ಕೊಮ್ಮೆ ಹೀಗೆ ಅದ್ದಿ ತೆಗೆದರೆ ಆಲ ಬದುಕುತ್ತದೆ, ನಡುವಿನ ದಿನಗಳಲ್ಲಿ ಮೇಲಿನಿಂದ ಚಿಮುಕಿಸಿದರೆ ಸಾಕು. ಜೇಡ್‌ಗೆ ಇದನ್ನು ಮಾಡಲೇಬೇಡಿ. ಜೇಡ್‌ನ ಎಲೆ ಸುಕ್ಕುಗಟ್ಟಿದ್ದರೆ ಬಾಯಾರಿಕೆ. ಮೆತ್ತಗಾಗಿ, ಹಳದಿಗೆ ತಿರುಗಿ, ಬೆಳಕು ಹಾಯುವಂತಿದ್ದರೆ ನೀರು ಹೆಚ್ಚು. ಅದಕ್ಕಿರುವ ಔಷಧ ಒಂದೇ, ಆಯಿಯ ಚರಿಗೆಯನ್ನು ತುಳಸಿಯ ಹತ್ತಿರವೇ ಖಾಲಿ ಮಾಡಿಸುವುದು.

ಬೇರು ತೆಗೆದು ನೋಡುವುದು

ನೀರು ನಿಲ್ಲುತ್ತಿದೆ ಎಂದು ಗೊತ್ತಾದ ಗಿಡವನ್ನು ಮಾತ್ರ ಕುಂಡದಿಂದ ಹೊರತೆಗೆಯಿರಿ. ಒಳ್ಳೆ ಬೇರಿನ ತುದಿ ಬೆಳ್ಳಗೆ ಅಥವಾ ಕೆನೆ ಬಣ್ಣ, ಹಳೆ ಬೇರು ಕಂದು, ಹಿಚುಕಿದರೆ ಗಟ್ಟಿ. ಕೊಳೆತದ್ದು ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗೆ ದಾರದಂಥ ಎಳೆ ಉಳಿಯುತ್ತದೆ, ಚರಂಡಿ ವಾಸನೆಯೂ ಇರುತ್ತದೆ. ಜೇಡ್‌ನಲ್ಲಿ ಬೇರು ಕೊಳೆತು ಕಾಂಡಕ್ಕೂ ಏರಿದ್ದರೆ ಕಾಂಡ ಮೆದುವಾಗಿರುತ್ತದೆ. ಆಗ ಗಟ್ಟಿಯಿರುವ ಕೊಂಬೆ ಕತ್ತರಿಸಿ, ಗಾಯ ಒಣಗಲು ಕೆಲವು ದಿನ ನೆರಳಲ್ಲಿಟ್ಟು, ಒಣ ಉಸುಕಿನಲ್ಲಿ ಚುಚ್ಚಿ. ಜೇಡ್ ಹೀಗೆ ಸುಲಭಕ್ಕೆ ಬೇರು ಬಿಡುತ್ತದೆ, ಬುಡಕ್ಕಾಗಿ ಹೋರಾಡುವುದರಲ್ಲಿ ಅರ್ಥವಿಲ್ಲ.

ಏಪ್ರಿಲ್–ಮೇ ಇದ್ದರೆ ಕೊಳೆತದ್ದನ್ನಷ್ಟೇ ಕತ್ತರಿಸಿ, ದಪ್ಪ ಕಣದ ಮಣ್ಣಿಗೆ ಹಾಕಿ ನೆರಳಿಗೆ ಇಡಿ. ಒಳ್ಳೆ ಬೇರಿಗೆ ಕತ್ತರಿ ಹಚ್ಚಬೇಡಿ. ಆಲದಂಥವಕ್ಕೆ ಪೂರ್ತಿ ಮಣ್ಣು ಬದಲಿಸುವ ಕೆಲಸವನ್ನು ಮಿರಗದ (ಮೃಗಶಿರಾ) ಮಳೆಗೆ, ಅಂದರೆ ಜೂನ್ ಎರಡನೇ ವಾರದ ಆಚೆಗೆ ಇಟ್ಟುಕೊಳ್ಳಿ. ಗಾಳಿಯಲ್ಲಿ ತೇವ ಇರುತ್ತದೆ, ಗಿಡ ಬೆಳೆಯುವ ಉಮೇದಿನಲ್ಲಿರುತ್ತದೆ, ಕತ್ತರಿಸಿದ ಬೇರು ಬೇಗ ಚಿಗುರುತ್ತದೆ. ಬೇಸಿಗೆಯಲ್ಲೇ ಮಾಡಿ ಮುಗಿಸೋಣ ಅಂತ ಮಗ ಹಟ ಹಿಡಿದಿದ್ದ. "ಮಿರಗ ಕೂಡ್ಲಿ ತಡಿಯೋ" ಅಂತ ಆಯಿಯೇ ತಡೆದರು. ಬಿತ್ತನೆಯ ಲೆಕ್ಕದಿಂದ ಅಂದ ಮಾತು ಬೋನ್ಸಾಯ್‌ಗೂ ಸರಿಹೋಯಿತು.

ಹೊಸ ಮಣ್ಣು

ಪೇಟೆಯ ಜಪಾನಿ ಮಣ್ಣು ತರಿಸುವ ಅಗತ್ಯವಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆ ಕುಟ್ಟಿ ಜರಡಿ ಹಿಡಿಯಿರಿ. ಸಜ್ಜೆ ಕಾಳಿಗಿಂತ ಸಣ್ಣದೂ ತೊಗರಿ ಕಾಳಿಗಿಂತ ದೊಡ್ಡದೂ ಬೇಡ. ಲೆಕ್ಕದಲ್ಲಿ ಹೇಳುವುದಾದರೆ 2ರಿಂದ 5 ಮಿಲಿಮೀಟರ್. ಅರೆಸುಟ್ಟ ಇಟ್ಟಿಗೆ ಬರುವುದಿಲ್ಲ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬೆರಳಲ್ಲಿ ಒತ್ತಿದಾಗ ಪುಡಿಯಾದರೆ ಅದು ಒಂದು ಮಳೆಗಾಲದಲ್ಲೇ ಕೆಸರಾಗುತ್ತದೆ. ಅರ್ಧ ಭಾಗ ಈ ಚೂರು, ಉಳಿದರ್ಧದಲ್ಲಿ ತೊಳೆದ ದಪ್ಪ ಉಸುಕು ಮತ್ತು ಪೂರ್ತಿ ಕಳಿತ ತಿಪ್ಪೆಗೊಬ್ಬರ ಸಮಸಮ. ಜೇಡ್‌ಗೆ ಗೊಬ್ಬರ ಕಡಿಮೆ ಮಾಡಿ ಉಸುಕು ಹೆಚ್ಚಿಸಿ. ಬೇಸಿಗೆಯಲ್ಲಿ ಇದು ದಿನಕ್ಕೆ ಎರಡು ಸಲ ನೀರು ಕೇಳಬಹುದು, ಕೇಳಲಿ. ಬೇಗ ಒಣಗುವ ಮಣ್ಣಿಗೆ ನೀರು ಕೊಟ್ಟು ಸರಿದೂಗಿಸಬಹುದು, ಒಣಗದ ಮಣ್ಣಿಗೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಇಟ್ಟಿಗೆಯ ಬದಲು ಕೆಂಪು ಗರಸೂ ಆಗುತ್ತದೆ, ಆದರೆ ಎಲ್ಲಿಯದು ಅನ್ನುವುದು ಮುಖ್ಯ. ಬೀದರ್‌ನ ಎತ್ತರದ ಸೀಮೆಯ ಜಂಬಿಟ್ಟಿಗೆ ಗರಸು ಒಳ್ಳೆಯದು. ಬೀದರ್ ಕೋಟೆಯ ಕಂದಕ ಕೊರೆದದ್ದು ಆ ಕಲ್ಲಿನಲ್ಲೇ. ಕಬ್ಬಿಣದ ಅಂಶ ಹೆಚ್ಚಿರುವ ಅದು ಎರೆಯಂತೆ ಉಬ್ಬಿ ಕುಗ್ಗುವುದಿಲ್ಲ. ಕಾಕುವಿನ ತವರು ಬೀದರ್ ಕಡೆಯದು, ಒಂದು ಚೀಲ ಬಸ್ಸಿನಲ್ಲೇ ಬಂತು. ಕಲಬುರಗಿ ಸುತ್ತ ರಸ್ತೆಗೆ ಹಾಕುವ ಮುರಮಿನಲ್ಲಿ ಸುಣ್ಣದ ಹರಳು ಸೇರಿರಬಹುದು. ಹಿಡಿಯಷ್ಟು ಕುಟ್ಟಿ ಪುಡಿ ಮಾಡಿ ನಿಂಬೆರಸ ಅಥವಾ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಸುಣ್ಣ ಇದೆ, ಬಳಸಬೇಡಿ. ಗಾರೆ ಅಂಟಿದ ಹಳೆ ಇಟ್ಟಿಗೆಗೂ ಇದೇ ಪರೀಕ್ಷೆ. ಕುಂಡಕ್ಕೆ ಕಟ್ಟಿದ್ದ ನಿಂಬೆಹಣ್ಣು ಈ ಕೆಲಸಕ್ಕೆ ಬಂದದ್ದಕ್ಕೆ ಕಾಕುವಿನ ಆಕ್ಷೇಪಣೆ ಏನೂ ಇರಲಿಲ್ಲ.

ಹೊಸ ಚಿಗುರೇ ಹಳದಿ ಇದ್ದರೆ

ಬೋಗನ್‌ವಿಲ್ಲಾ ಕುಂಡದಲ್ಲಿ ನೀರಿನ ದಾರಿ ಸರಿಯಾಗಿತ್ತು. ಸುರಿದದ್ದು ಸಮನಾಗಿ ಇಳಿಯಿತು, ಕುಂಡವೂ ಭಾರವಾಯಿತು. ಇಲ್ಲಿ ನೋಡಬೇಕಾದದ್ದು ನೀರು ಬಿಟ್ಟು ಹೋದದ್ದನ್ನು. ಕುಂಡದ ಅಂಚಿಗೆ, ಕಾಂಡದ ಬುಡಕ್ಕೆ ಬಿಳಿ ಪದರ ಕಟ್ಟಿತ್ತು. ಹೊಸ ಎಲೆ ಹಳದಿ, ಅದರ ನರಗಳು ಮಾತ್ರ ಹಸಿರು, ಹಳೆ ಎಲೆಗೆ ಏನೂ ಇಲ್ಲ. ಇದು ಕಬ್ಬಿಣದ ಕೊರತೆಯ ರೂಪ. ನರ ಹಸಿರು, ನಡುವೆ ಹಳದಿ ಎಂಬ ಇದೇ ಚಿತ್ರ ಹಳೆ ಎಲೆಗಳಲ್ಲಿ ಕಂಡರೆ ಮೆಗ್ನೀಸಿಯಂ ಕಡೆ ನೋಡಬೇಕು. ಹಳೆ ಎಲೆ ನರ ಸಮೇತ ಪೂರ್ತಿ ಮಾಸಲು ಹಳದಿಯಾದರೆ ಸಾರಜನಕ. ಯೂರಿಯಾಗೆ ಕೆಲಸ ಇದ್ದರೆ ಈ ಕೊನೆಯದಕ್ಕೆ ಮಾತ್ರ, ಅದೂ ಬೇರು ಸರಿ ಇದೆ ಎಂದು ಖಾತ್ರಿಯಾದ ಮೇಲೆ.

ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಸುಣ್ಣ ಸೇರಿ ಮಣ್ಣು ಕ್ಷಾರವಾದಾಗ ಇರುವ ಕಬ್ಬಿಣವೂ ಬೇರಿಗೆ ದಕ್ಕುವುದಿಲ್ಲ. ನಮ್ಮ ಜಿಲ್ಲೆಯ ನೆಲದಡಿ ಎಂಥ ಕಲ್ಲಿದೆ ಅನ್ನುವುದನ್ನು ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲೂ ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳೂ ಹೇಳುತ್ತವೆ: ಸುಣ್ಣಕಲ್ಲು. ಅದರ ನಡುವೆ ಹಾದು ಬರುವ ಕೊಳವೆಬಾವಿ ನೀರು ಗಡುಸು. ಚಹಾ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಮನೆಯಲ್ಲಿ ಬೋನ್ಸಾಯ್ ಕುಂಡದಲ್ಲೂ ಅದು ಕಟ್ಟುತ್ತದೆ. ಇದರ ಮೇಲೆ ಇನ್ನೊಂದು ಉಳಿತಾಯ ನಡೆದಿತ್ತು. ನೀರು ಶುದ್ಧ ಮಾಡುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಹಾಳು ಮಾಡಬಾರದು ಅಂತ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದರು. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಆ ಬಕೆಟ್ಟಿನಲ್ಲೇ ಇರುತ್ತದೆ. ನೆಲ ಒರೆಸಲು, ಸಂಡಾಸಿಗೆ ಬಳಸಿ. ಎರಡು ಮುಷ್ಟಿ ಮಣ್ಣಿನ ಗಿಡಕ್ಕೆ ಬೇಡ.

ಪರಿಹಾರ ಮಳೆನೀರು. ಜೂನ್‌ನಿಂದ ಸೆಪ್ಟೆಂಬರ್ ತನಕ ಗಿಡವನ್ನು ಮಳೆಗೇ ಬಿಡಿ, ಕುಂಡದೊಳಗಿನ ಲವಣ ತೊಳೆದು ಹೋಗುತ್ತದೆ. ಮಾಳಿಗೆಯ ನೀರು ಹಿಡಿಯುವ ಡ್ರಮ್ ಇಟ್ಟರೆ ಇನ್ನೂ ಒಳ್ಳೆಯದು, ಮುಚ್ಚಳ ಇರಲಿ, ಸೊಳ್ಳೆ ಆಗುತ್ತವೆ. ಬೇಸಿಗೆಯಲ್ಲಿ ಬೇರೆ ದಾರಿ ಇಲ್ಲದಿದ್ದರೆ ನಳದ ನೀರನ್ನೇ ಹಾಕಿ, ಆದರೆ ಹಾಕಿದಾಗಲೆಲ್ಲ ತಳದಿಂದ ಧಾರಾಳವಾಗಿ ಹರಿಯುವಷ್ಟು. ಸ್ವಲ್ಪ ಸ್ವಲ್ಪ ಹಾಕಿದರೆ ನೀರು ಆವಿಯಾಗಿ ಲವಣ ಉಳಿಯುತ್ತದೆ. ಗಿಡಕ್ಕೆ ಹಾಕುವ ಕಬ್ಬಿಣದ ಗೊಬ್ಬರದ ಪುಡಿ ಕೊಳ್ಳುವಾಗ ಪೊಟ್ಟಣ ಓದಿ. ಇಡಿಟಿಎ ಎಂದು ಬರೆದ ಕಬ್ಬಿಣ ಕ್ಷಾರ ಮಣ್ಣಿನಲ್ಲಿ ಬೇಗ ಕೆಲಸ ಬಿಡುತ್ತದೆ, ಇಡಿಡಿಎಚ್‌ಎ ಎಂದಿರುವುದು ನಿಲ್ಲುತ್ತದೆ. ದುಬಾರಿ, ಆದರೆ ಒಂದು ಕುಂಡಕ್ಕೆ ಚಿಟಿಕೆ ಸಾಕು. ಹಳದಿಯಾದ ಎಲೆ ಮತ್ತೆ ಪೂರ್ತಿ ಹಸಿರಾಗದಿರಬಹುದು. ಆಮೇಲೆ ಬರುವ ಎಲೆ ನೋಡಿ ತೀರ್ಮಾನಿಸಿ.

ಪರಸಿ, ಟ್ಯಾಂಕು, ಪಡುವಣ ಗೋಡೆ

ಎಲೆಯ ಅಂಚು ಮಾತ್ರ ಕಂದಾಗಿ ಸುಟ್ಟಂತಿದ್ದರೆ, ಅದೂ ಒಂದೇ ಮಗ್ಗುಲಲ್ಲಿ, ಶಾಖ ಎಲ್ಲಿಂದ ಅಂತ ನೋಡಿ. ಏಪ್ರಿಲ್–ಮೇಯಲ್ಲಿ ಗಾಳಿಯೇ 42 ಡಿಗ್ರಿ ಮುಟ್ಟುವ ಊರಿನಲ್ಲಿ ಮಾಳಿಗೆಯ ಪರಸಿ ಎಷ್ಟು ಕಾಯುತ್ತದೆಂದು ಬರಿಗಾಲಲ್ಲಿ ಹಪ್ಪಳ ಒಣಹಾಕಲು ಹೋದವರನ್ನು ಕೇಳಬೇಕು. ಕುಂಡ ಅದರ ಮೇಲೆ ನೇರ ಕೂತರೆ ಬೇರು ಬೇಯುತ್ತದೆ. ಇಟ್ಟಿಗೆ ಇಟ್ಟು ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕುಂಡ. ಕೆಳಗೆ ಗಾಳಿ ಆಡಲಿ. ಸಂಜೆ ಬಿಸಿಲು ಹೊಡೆಯುವ ಗೋಡೆಯ ಪಕ್ಕ ಬೇಡ, ಗೋಡೆ ರಾತ್ರಿಯವರೆಗೂ ಶಾಖ ಉಗುಳುತ್ತದೆ. ಅರ್ಧ ನೆರಳಿನ ಹಸಿರು ಪರದೆ ಕಟ್ಟಿ, ಕುಂಡಕ್ಕೆ ಒದ್ದೆ ಗೋಣಿತಟ್ಟು ಸುತ್ತಿ.

ಹೆಚ್ಚಿನವರ ಗಮನಕ್ಕೆ ಬಾರದ್ದು ಟ್ಯಾಂಕಿನ ನೀರು. ಮಾಳಿಗೆಯ ಕರಿ ಟ್ಯಾಂಕಿನಿಂದ, ಬಿಸಿಲಲ್ಲಿ ಬಿದ್ದಿರುವ ಪೈಪಿನಿಂದ ಮಧ್ಯಾಹ್ನ ಬರುವ ನೀರಿನಲ್ಲಿ ಸ್ನಾನವೇ ಮಾಡಲಾಗುವುದಿಲ್ಲ, ಅದನ್ನೇ ಬಾಡಿದ ಗಿಡಕ್ಕೆ ಹಾಕುತ್ತಾರೆ. ರಾತ್ರಿಯೇ ಬಕೆಟ್ ತುಂಬಿ ನೆರಳಲ್ಲಿಟ್ಟು ಮುಂಜಾನೆ ಹಾಕಿ. ಹಾಗಂತ ಗಿಡವನ್ನೇ ಮನೆಯೊಳಗೆ ಒಯ್ದು ಶೋಕೇಸಿನಲ್ಲಿ ಇಡಬೇಡಿ. ಬೋನ್ಸಾಯ್ ಗಾತ್ರದಲ್ಲಿ ಸಣ್ಣದು ಅಷ್ಟೇ, ಅದು ಮರ. ನೆಂಟರು ಬಂದಾಗ ಒಂದು ದಿನ ಒಳಗಿದ್ದು ಹೊರಗೆ ಹೋಗಲಿ.

ಹುಳ

ಹುಳ ಇದ್ದರೆ ಕಾಣುತ್ತವೆ, ಊಹಿಸಬೇಕಿಲ್ಲ. ಕವಲಿನಲ್ಲಿ ಬಿಳಿ ಹತ್ತಿಯಂಥದ್ದು ಹಿಟ್ಟು ತಿಗಣೆ. ಕಂದು ಬೊಕ್ಕೆಗಳು, ಅಂಟು, ಇರುವೆ ಸಾಲು ಇದ್ದರೆ ಶಲ್ಕ ಕೀಟ. ಒಣ ಬಿಸಿಲಲ್ಲಿ ಎಲೆ ಮೇಲೆ ಸೂಜಿಮೊನೆ ಚುಕ್ಕಿ, ಕೆಳಗೆ ನಯವಾದ ಬಲೆ ಇದ್ದರೆ ನುಸಿ. ಬಿಳಿ ಕಾಗದದ ಮೇಲೆ ಕೊಂಬೆ ಜಾಡಿಸಿದರೆ ಚುಕ್ಕಿಗಳು ಓಡಾಡುತ್ತವೆ. ಮೊದಲು ನೀರಿನ ರಭಸದಿಂದ ಎಲೆಯ ಕೆಳಭಾಗ ತೊಳೆಯಿರಿ. ಸಾಲದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪು, ಸಂಜೆ ಹೊತ್ತು. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತದೆ. ಕಾಕಾನ ಮೂರೂ ಗಿಡದಲ್ಲಿ ಹುಳ ಇರಲಿಲ್ಲ, ಶಿಲೀಂಧ್ರನಾಶಕದ ಡಬ್ಬಿ ವಾಪಸು ಹೋಯಿತು.

ತಂತಿ ಕಟ್ಟಿದ ಒಂದೇ ಕೊಂಬೆ ಒಣಗುತ್ತಿದ್ದರೆ ಬೇರನ್ನು ಅನುಮಾನಿಸಬೇಡಿ, ತಂತಿ ನೋಡಿ. ಮಳೆಗಾಲದಲ್ಲಿ ಆಲ ಬೇಗ ದಪ್ಪವಾಗುತ್ತದೆ, ತಿಂಗಳೊಳಗೇ ತಂತಿ ತೊಗಟೆಗೆ ಕಚ್ಚಬಹುದು. ಬಿಚ್ಚಲು ಹೋಗಿ ಕೊಂಬೆ ಮುರಿಯಬೇಡಿ, ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.

ಮಣ್ಣು ಬದಲಿಸಿದ ಮೇಲೆ

ಆಲದ ಉಂಡೆಯನ್ನು ನೀರಲ್ಲಿ ನೆನೆಸಿ, ಕಡ್ಡಿಯಿಂದ ಜೇಡಿ ಬಿಡಿಸಿ, ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೇರು ತೆಗೆಯದೆ ಹೊಸ ಮಣ್ಣಿಗೆ ಕೂಡಿಸಿ. ತೂತಿನ ಮೂಲಕ ತಂತಿ ಹಾಯಿಸಿ ಬುಡ ಅಲುಗದಂತೆ ಕಟ್ಟಿ. ಗಾಳಿಗೆ ಅಲುಗುವ ಗಿಡದ ಎಳೆ ಬೇರು ಹರಿಯುತ್ತಲೇ ಇರುತ್ತದೆ. ಎರಡು ಮೂರು ವಾರ ನೆರಳು. ತಿಂಗಳು ಕಳೆಯುವ ತನಕ ಗೊಬ್ಬರ ಇಲ್ಲ. ನೀರಿಗೆ ಒಬ್ಬರೇ ಜವಾಬ್ದಾರಿ. ಅವರು ಊರಿಗೆ ಹೋದಾಗ ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೊಬ್ಬರ ಹೆಸರು ಬರೆದು ಹೋಗಲಿ. ಇಲ್ಲಿ ಆ ಕೆಲಸ ಕಾಕುವಿನ ಪಾಲಿಗೆ ಬಂತು, ಕಡ್ಡಿ ಚುಚ್ಚಿ ನೋಡದೆ ಅವರು ಯಾರಿಗೂ ಚರಿಗೆ ಮುಟ್ಟಗೊಡುವುದಿಲ್ಲ.

"ಸತ್ತದಂದ್ರ ಒಗದೇಬಿಡೂಣೇನು?" ಅಂತ ಕಾಕಾ ಆಗಾಗ ಕೇಳುತ್ತಿದ್ದರು. ಆಲದ ವಿಷಯದಲ್ಲಿ ಶ್ರಾವಣ ಮುಗಿಯುವವರೆಗೆ ಎಸೆಯಬೇಡಿ. ಕೊಂಬೆಯೆಲ್ಲ ಒಣಗಿದರೂ ಕಾಂಡದಲ್ಲಿ ಹಾಲಿದ್ದರೆ ಅದು ಬುಡದಿಂದ ಚಿಗುರಬಲ್ಲದು. ದಾರದ ಗುರುತಿಗಿಂತ ಮೇಲಿನದನ್ನು ಆಗ ಕತ್ತರಿಸಿ. ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೆರೆದಾಗಲೂ ಕಂದು ಬಣ್ಣವೇ ಬಂದರೆ ಮುಗಿಯಿತು. ಆ ಮಣ್ಣನ್ನು ಇನ್ನೊಂದು ಬೋನ್ಸಾಯ್‌ಗೆ ಬಳಸಬೇಡಿ, ಕುಂಡವನ್ನು ಸೋಪು ಹಾಕಿ ಉಜ್ಜಿ ತೊಳೆದು ಬಿಸಿಲಲ್ಲಿ ಒಣಗಿಸಿ. ಹೊಸ ಗಿಡಕ್ಕೆ ನರ್ಸರಿಗೇ ಹೋಗಬೇಕೆಂದಿಲ್ಲ. ಮನೆಯ ಸಜ್ಜಾದ ಬಿರುಕಿನಲ್ಲಿ, ಚರಂಡಿ ಪೈಪಿನ ಸಂದಿಯಲ್ಲಿ ಅರಳಿಯೋ ಬಸರಿಯೋ ಹುಟ್ಟಿದ್ದರೆ ಮಿರಗದಲ್ಲಿ ಕಿತ್ತು ತನ್ನಿ, ಗೋಡೆಗೂ ಒಳ್ಳೆಯದು. ಕೋಟೆ, ಗುಂಬಜ್‌ಗಳ ಮೇಲಿರುವುದಕ್ಕೆ ಮಾತ್ರ ಕೈ ಹಚ್ಚಬೇಡಿ. ಬೇರು ಎಳೆದರೆ ಅದರ ಜೊತೆ ಹಳೆ ಗಾರೆಯೂ ಕಿತ್ತು ಬರುತ್ತದೆ, ಅವು ಸಂರಕ್ಷಿತ ಸ್ಮಾರಕಗಳು.